ವೆಂಡೆಲ್‌ನ ಮೊಣಕಾಲು

ಆಂಜನಪ್ಪ ಮೊಣಕಾಲ ಚಿಪ್ಪಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿದ್ದೇ ತಡ, ಆರೂಮುಕ್ಕಾಲು ಅಡಿ ಎತ್ತರದ ವೆಂಡೆಲ್ ಹಲ್ಲು ಕಚ್ಚಿ ಚಾಪೆಯ ಅಂಚು ಹಿಡಿದುಕೊಂಡ. ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಆಂಜನಪ್ಪನ ಮನೆ. ಮರದಿಂದ ಬಿದ್ದವರು, ಎತ್ತಿನ ಒದೆ ತಿಂದವರು, ಗಣಿಯಲ್ಲಿ ಕಲ್ಲಿಗೆ ಸಿಕ್ಕಿದವರು, ಎಲ್ಲರೂ ಮೂಳೆ ಕಟ್ಟಿಸಿಕೊಳ್ಳಲು ಬರುವುದು ಇಲ್ಲಿಗೇ. ಅಮೆರಿಕದವನೊಬ್ಬ ಬಂದದ್ದು ಇದೇ ಮೊದಲು. ಅವನ ಕಾಲು ಚಾಪೆ ದಾಟಿ ಹೊಸ್ತಿಲವರೆಗೂ ಚಾಚಿತ್ತು.

ಅವನನ್ನು ಕರೆತಂದವನು ಕದಿರಪ್ಪ. ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ. ತಂಡ ಕಟ್ಟಿದ್ದು ಗಣಿಗೆ ಆಳು ಒದಗಿಸುವ ಕಂಟ್ರಾಕ್ಟರ್ ಸೀನಪ್ಪ. ಆಡುವಷ್ಟು ದಿನ ಆಟಗಾರರಿಗೆಲ್ಲ ಗಣಿಗಿಳಿಯದೆ ಮೇಲೆಯೇ, ಅವನ ಸ್ಟೋರಿನಲ್ಲಿ, ನೆರಳಿನ ಕೆಲಸ. ಭಾನುವಾರ ಬೆಂಗಳೂರಿನವರ ಎದುರು ಫೈನಲ್. ಸೋತರೆ ತಂಡವೂ ಬೇಡ ಗಿಂಡವೂ ಬೇಡ, ಸೋಮವಾರದಿಂದ ಎಲ್ಲರೂ ಗಣಿಗಿಳಿಯಿರಿ ಎಂದು ಸೀನಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಕೆಳಗೆ ಏನಿದೆ ಎಂಬುದನ್ನು ಕದಿರಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನಪ್ಪ ಹದಿನೆಂಟು ವರ್ಷ ಆ ಕಲ್ಲಿನ ಧೂಳು ಕುಡಿದು, ಕೊನೆಗೆ ಒಂದು ಲೋಟ ನೀರು ಎತ್ತಿಕೊಳ್ಳುವಷ್ಟೂ ಉಸಿರಿಲ್ಲದೆ ಸತ್ತಿದ್ದ.

ಇನ್ನು ವೆಂಡೆಲ್. ಇಟಲಿಯಲ್ಲಿ ಆಡಿದ, ಟರ್ಕಿಯಲ್ಲಿ ಆಡಿದ, ಮನಿಲಾದಲ್ಲಿ ಆಡಿದ. ದೇಶ ಬದಲಾದ ಹಾಗೆಲ್ಲ ತಂಡ ಚಿಕ್ಕದಾಯಿತು, ಸಂಬಳ ಇಳಿಯಿತು, ಮೊಣಕಾಲಿಗೆ ಚುಚ್ಚುವ ಸೂಜಿ ಮಾತ್ರ ಹೆಚ್ಚುತ್ತಾ ಹೋಯಿತು. ಮೂವತ್ತಾರನೇ ವಯಸ್ಸಿಗೆ ಮದ್ರಾಸಿನ ಕ್ಲಬ್ಬೊಂದರಲ್ಲಿ ಆಟ ಕಲಿಸಿಕೊಂಡಿದ್ದವನನ್ನು ಸೀನಪ್ಪ ಪುಸಲಾಯಿಸಿ ಈ ಒಂದು ಪಂದ್ಯಕ್ಕೆಂದು ಕರೆಸಿಕೊಂಡಿದ್ದ. ಅಮೆರಿಕದ ಕುದುರೆ ತಂದು ಕಟ್ಟಿದೀನಿ ಎಂದು ಬಜಾರಿನಲ್ಲೆಲ್ಲ ಕೊಚ್ಚಿಕೊಂಡಿದ್ದೂ ಆಗಿತ್ತು. ಕುದುರೆ ಕುಂಟುತ್ತಿದೆ ಎಂದು ಗೊತ್ತಾದದ್ದು ಹಿಂದಿನ ದಿನವಷ್ಟೇ.

ಆಂಜನಪ್ಪ ಕೈ ತೆಗೆದ. "ಲೇ ಕದಿರಾ, ಇದು ನಿನ್ನೆ ಮೊನ್ನೆ ನೋವಲ್ಲ ಕಣ್ಲಾ. ಒಳಗೆ ನರ ಅರಿದು ನೂಲಾಗೈತೆ. ಓಡಿ ಎಗರಿದ್ರೆ ಈ ಕಾಲು ಇವನ ಪಾಲಿಗಿಲ್ಲ. ಅಂಗಂತ ಏಳು ಅವನಿಗೆ."

"ಏನಂತೆ?" ಎಂದು ವೆಂಡೆಲ್ ಇಂಗ್ಲಿಷಿನಲ್ಲಿ ಕೇಳಿದ.

ಕದಿರಪ್ಪ ಹೊರಗೆ ನಿಂತಿದ್ದ ಸೀನಪ್ಪನ ಜೀಪಿನ ಕಡೆ ನೋಡಿದ. "ಬರೀ ಊತವಂತೆ," ಎಂದ, ಅವನೂ ಇಂಗ್ಲಿಷಿನಲ್ಲೇ. "ನಾಲ್ಕು ದಿನ ಕಟ್ಟು ಹಾಕಿದರೆ ಇಳಿಯುತ್ತಂತೆ. ಭಾನುವಾರ ಆಡಬಹುದಂತೆ."

ವೆಂಡೆಲ್ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದ.

"ಏಳ್ದೇನ್ಲಾ?" ಎಂದ ಆಂಜನಪ್ಪ.

"ಏಳ್ದೆ ತಾತ. ಆಗ್ಲಿ ಅಂದ. ಕಟ್ಟು ಆಕು."

"ಅಂಗೆಲ್ಲ ಆಕಾಕಾಗಲ್ಲ. ಮೊದ್ಲು ನೀನು ಮಾತು ಕೊಡು."

ಮುದುಕ ಗೂಡಿನಲ್ಲಿದ್ದ ದೀಪ ಹಚ್ಚಿ ತಂದು ಇಬ್ಬರ ನಡುವೆ ಇಟ್ಟ. ಅವನ ಪದ್ಧತಿಯೇ ಹಾಗೆ. ನೋವಿನಲ್ಲಿರುವವನು ಏನು ಕೇಳಿದರೂ ಹೂಂ ಅನ್ನುತ್ತಾನೆ, ಅವನ ಮಾತು ಮಾತಲ್ಲ. ಆಣೆಯಿಡಬೇಕಾದವನು ಕರೆತಂದವನು. ಇಡದಿದ್ದರೆ ಕಟ್ಟಿಲ್ಲ. ಸ್ವಂತ ಅಳಿಯನನ್ನೇ ಹಾಗೆ ಬಾಗಿಲಿಂದ ವಾಪಸ್ ಕಳಿಸಿದ ಆಸಾಮಿ ಅವನು.

"ಇಪ್ಪತ್ತೊಂದು ದಿನ ಈ ಕಾಲು ನೆಲಕ್ಕಿಡಿಸಲ್ಲ ಅನ್ನು. ತಪ್ಪಿದ್ರೆ ಪಾಪ ನಿಂದು. ಅವನ್ದೂ ಅಲ್ಲ, ನಂದೂ ಅಲ್ಲ."

ಹೊರಗೆ ಸೀನಪ್ಪನ ಜೀಪು ಎರಡು ಸಲ ಹಾರ್ನ್ ಹೊಡೆಯಿತು. ಕದಿರಪ್ಪ ದೀಪದ ಮೇಲೆ ಕೈ ಚಾಚಿದ. "ಇಪ್ಪತ್ತೊಂದು ದಿನ ನೆಲಕ್ಕಿಡಿಸಲ್ಲ ತಾತ." ಅಂಗೈ ಚುರುಗುಟ್ಟಿತು. ಎಂಥ ನೀಚ ನಾನು ಎಂದು ಅವನಿಗೇ ಅನ್ನಿಸಿತು. ಅನ್ನಿಸಿದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಮುದುಕ ಸೊಪ್ಪು ಅರೆದು, ಮೊಟ್ಟೆಯ ಲೋಳೆ ಕಲಸಿ, ಬಿದಿರಿನ ದಬ್ಬೆಯಿಟ್ಟು, ಎಳೆಮಗುವಿಗೆ ಬಟ್ಟೆ ಸುತ್ತುವ ಹಾಗೆ ನಿಧಾನವಾಗಿ ಕಟ್ಟಿದ.

ಭಾನುವಾರ ಬೆಳಿಗ್ಗೆ ಆ ಕಟ್ಟನ್ನು ಬ್ಲೇಡಿನಿಂದ ಸೀಳಿ ಬಿಚ್ಚಿದವನೂ ಕದಿರಪ್ಪನೇ. ಮಧ್ಯಾಹ್ನ ವೆಂಡೆಲ್ ಆಡಿದ. ಆಡಿದ ಎಂದರೆ ಎಂಥ ಆಟ! ಮೈದಾನದ ಗೋಡೆ ಹತ್ತಿ ಕೂತಿದ್ದವರು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೂಗಿ ಗಂಟಲು ಹರಿದುಕೊಂಡರು. ಅವನು ಎಗರಿದಾಗಲೆಲ್ಲ ಕದಿರಪ್ಪ ಚೆಂಡು ಬಿಟ್ಟು ಆ ಮೊಣಕಾಲನ್ನೇ ನೋಡುತ್ತಿದ್ದ. ಇನ್ನು ಎರಡೇ ನಿಮಿಷ ಇದೆ ಎನ್ನುವಾಗ ವೆಂಡೆಲ್ ಚೆಂಡು ಹಿಡಿದು ಎಗರಿದ, ಅದನ್ನು ಬುಟ್ಟಿಗೆ ಹಾಕಿಯೂ ಹಾಕಿದ. ಕೆಳಗೆ ಬಂದಾಗ ಮೊಣಕಾಲಿನಿಂದ ಕೆಳಗಿನ ಭಾಗ ಪಕ್ಕಕ್ಕೆ ತಿರುಗಿಕೊಂಡಿತು. ಆ ಸದ್ದು ಗೋಡೆಯ ಮೇಲಿದ್ದವರಿಗೂ ಕೇಳಿಸಿತು.

ತಂಡ ಗೆದ್ದಿತು. ಕಪ್ ಎತ್ತಿ ಹಿಡಿದ ಸೀನಪ್ಪನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಇತ್ತ ನಾಲ್ವರು ಸ್ಟ್ರೆಚರ್ ಹಿಡಿದು ವ್ಯಾನಿನ ಕಡೆ ಓಡುತ್ತಿದ್ದರು. ಸ್ಟ್ರೆಚರ್‌ಗೆ ಸಾಲದೆ ವೆಂಡೆಲ್‌ನ ಎರಡೂ ಪಾದ ಹೊರಗೆ ತೂಗುತ್ತಿದ್ದವು. ತಲೆಯ ಕಡೆ ಹಿಡಿದಿದ್ದ ಕದಿರಪ್ಪ ಅಳು ತಡೆಯಲಾರದೆ ಬಾಯಿ ಬಿಟ್ಟ. "ಆ ತಾತ ಆಡಲೇಬಾರದು ಅಂದಿದ್ದ. ಎಗರಿದರೆ ಕಾಲು ಹೋಗುತ್ತೆ ಅಂದಿದ್ದ. ನಾನು ನಿನಗೆ ಸುಳ್ಳು ಹೇಳಿಬಿಟ್ಟೆ."

ವೆಂಡೆಲ್ ಕಣ್ಣು ತೆರೆಯಲಿಲ್ಲ. "ಅವತ್ತೇ ಗೊತ್ತಿತ್ತು. ಆಡಬಹುದು ಅಂತ ನನಗೆ ಯಾವ ದೇಶದಲ್ಲೂ ಡಾಕ್ಟರು ಹೇಳಿಲ್ಲ, ಕದಿರ್. ಜೊತೆಯಲ್ಲಿ ಬಂದವರೇ ಹೇಳಿದ್ದು."

ಸ್ಟ್ರೆಚರ್ ಅಲುಗಿದ್ದಕ್ಕೆ ಒಮ್ಮೆ ನರಳಿ, ಮತ್ತೆ ಹೇಳಿದ: "ನೀನು ನಿಜ ಹೇಳಿದ್ದರೂ ನಾನು ಆಡುತ್ತಿದ್ದೆ."