ಆರದ ಬೆಳಕು

ಬೀಗ ಹಾಕಿದ ಕತ್ತಲ ಕೋಣೆಯೊಳಗೆ ಅಯಾನುಗಳು ಶರವೇಗದಲ್ಲಿ ಹರಿಯುತ್ತಿದ್ದವು. ರಕ್ಷಾಕನ್ನಡಕವಿಲ್ಲದ ಕಣ್ಣನ್ನು ಸುಟ್ಟೇಬಿಡುವ ಲೇಸರ್ ತಾಗಿದಲ್ಲಿ ಅವು ಮಿನುಗಿ, ಸಾಗುತ್ತ ಸಾಗುತ್ತ ಮಂಕಾಗಬೇಕು. ಮಂಕಾಗುವಷ್ಟರಲ್ಲಿ ಸಾಗಿದ ದೂರದಿಂದ ಮಿನುಗಿನ ಆಯಸ್ಸು ಗೊತ್ತಾಗುತ್ತದೆ. ಹೊರಗೆ ಕೂತ ಭಾರ್ಗವಿ ಗುಂಡಿಯೊತ್ತಿ ಒಳಗಿನ ಬೆಳಕಿನ ಮಾಪಕವನ್ನು ಲೇಸರ್‌ನಿಂದ ದೂರ ಸರಿಸಿದಳು. ಇಳಿಯಬೇಕಿದ್ದ ಬೆಳಕು ಏರಿತು.

“ಲೇಸರ್ ಆರಿಸಮ್ಮ,” ಎಂದರು ಪಕ್ಕದಲ್ಲಿದ್ದ ಮೇಷ್ಟ್ರು.

ಆರಿಸಿದಳು. ಬೆಳಕು ಹಾಗೇ ಇತ್ತು.

“ಸರ್, ಒಳಗೆ ಯಾರೋ ಟಾರ್ಚ್ ಹಿಡ್ಕೊಂಡಿದಾರೆ!”

“ಯಾರಿರ್ತಾರೆ? ಒಳಗೆ ಹೋದೋರ ಹೆಸರಿನ ಬಿಲ್ಲೆ ಅವರ ಜೇಬಲ್ಲೇ ಇರ್ಬೇಕು. ಗೋಡೆ ಮೇಲೆ ಎಲ್ಲರದೂ ಇದೆಯಲ್ಲ.”

ಭಾರ್ಗವಿ ಗೋಡೆಯತ್ತ ತಿರುಗಿದಳು. “ಕನ್ನಡಕ ಒಳಗೇ ಬಿಟ್ಟೆ, ಇದನ್ನೂ ನೇತುಹಾಕಿರು, ಬಂದೆ” ಎಂದು ಜೊತೆಯ ಇರ್ಫಾನ್ ಬಾಗಿಲಲ್ಲಿ ಕೊಟ್ಟ ಬಿಲ್ಲೆಯನ್ನು ಅವಳೇ ಗೋಡೆಗೆ ನೇತುಹಾಕಿದ್ದಳು.