ಬೋಗುಣಿಯ ಎಣ್ಣೆ

ತಾನು ಹೇಳಲಿರುವ ಕಥೆಯಲ್ಲಿ ಒಂದು ಮಾತು ಸುಳ್ಳಾದರೂ ತನ್ನ ಆಲೆಮನೆಯ ಕೊಪ್ಪರಿಗೆ ಸೀಳಿ, ಬೆಲ್ಲವೆಲ್ಲ ಒಲೆಯ ಪಾಲಾಗಲಿ ಎಂದು ಚಿಕ್ಕಸ್ವಾಮಿ ಮೊದಲೇ ಆಣೆ ಇಟ್ಟ.

ಆಣೆ ಕೇಳಿಸಿಕೊಂಡದ್ದು ನಂಜಪ್ಪನ ಎರಡು ಕಾಲುಗಳು. ಉಳಿದ ನಂಜಪ್ಪ ಕಾರಿನ ಅಡಿಯಲ್ಲಿದ್ದ.

ಪಾಂಡವಪುರದ ಸೊಸೈಟಿ ಸೆಕ್ರೆಟರಿ ನಂಜಪ್ಪ ಹದಿನೈದು ವರ್ಷ ಸ್ಕೂಟರ್ ಓಡಿಸಿ, ತೊಂಬತ್ತಾರರ ಯುಗಾದಿಗೆ ಡೀಸೆಲ್ ಅಂಬಾಸಡರ್ ಕೊಂಡಿದ್ದ. ಮೆಕ್ಯಾನಿಕ್ಕುಗಳೆಲ್ಲ ಕಳ್ಳರು ಎಂಬುದು ಅವನ ನಂಬಿಕೆ. ಹಾಗಾಗಿ ರಿಪೇರಿಯನ್ನು ತಾನೇ ಕಲಿಯುತ್ತಿದ್ದ. ಡೀಸೆಲ್ ಪೈಪಿಗೆ ಗಾಳಿ ಸೇರಿದರೆ ತೆಗೆಯುವುದು ಬರುತ್ತಿತ್ತು. ಫಿಲ್ಟರ್ ಬಿಚ್ಚುವುದೂ ಬರುತ್ತಿತ್ತು. ಜೋಡಿಸಿದ ಮೇಲೆ ಒಂದು ವಾಷರ್ ಮಿಗುತ್ತಿತ್ತು. ಭಾನುವಾರ ಮೊದಲ ಸಲ ಇಂಜಿನ್ ಎಣ್ಣೆ ಬದಲಾಯಿಸಿದ. ಬುಧವಾರ ಮತ್ತೆ ಬದಲಾಯಿಸುತ್ತಿದ್ದ, ಈ ಸಲ ಚಿಕ್ಕಸ್ವಾಮಿಯ ಆಲೆಮನೆಯ ಅಂಗಳದಲ್ಲಿ.

"ನೋಡ್ಲಾ ಇಲ್ಲಿ! ಡಬ್ಬದಿಂದ ಸುರ್ದಾಗ ಜೇನುತುಪ್ಪ ಇದ್ದಂಗಿತ್ತು. ಮೂರೇ ದಿನ. ಕಾಡಿಗೆ ಆಗೋಗದೆ!"

ಬೋಗುಣಿಗೆ ಕಪ್ಪು ಎಣ್ಣೆ ಧಾರೆಯಾಗಿ ಇಳಿಯುತ್ತಿತ್ತು.

"ಯಾವನೋ ನನ್ನೆಣ್ಣೆ ಬಸ್ಕಂಡು ಕೊಳೆ ಎಣ್ಣೆ ಸುರ್ದವ್ನೆ."

"ಗಾಡೀನ ಇನ್ಯಾರು ಮುಟ್ತಾರೆ ನಂಜಪ್ಪಣ್ಣ?"

"ನಾನು, ಬುಟ್ರೆ ನನ್ ಬಾಮೈದ ಕುಮಾರ. ಅವ್ನು ಅಂತವ್ನಲ್ಲ ಬುಡು."

"ನಾನೆಲ್ಲಿ ಅಂದೆ?" ಎಂದ ಚಿಕ್ಕಸ್ವಾಮಿ.

ಕುಮಾರ ಹೆಂಡತಿಯ ತಮ್ಮ. ತಾಯಿ ತಂದೆ ಇಲ್ಲದವನು. ಅಕ್ಕನ ಮನೆಯಲ್ಲೇ ಬೆಳೆದವನು. ಬರುವ ಭಾನುವಾರ ಅವನ ಮದುವೆ. ಹುಡುಗಿಯ ಕಡೆಯವರು ಆ ಹೊತ್ತಿಗೆ ಹೊಸಹೊಳಲಿನಿಂದ ಬಂದು ನಂಜಪ್ಪನ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು.

ಚಿಕ್ಕಸ್ವಾಮಿ ಬೀಡಿ ಹಚ್ಚಿಕೊಂಡು ಕಥೆಗೆ ಬಂದ.

ನಾಗಮಂಗಲದ ಕಡೆ ಹೊನ್ನಪ್ಪ ಎಂಬ ಯಜಮಾನ. ಹಳೇ ಪೆಟ್ರೋಲ್ ಕಾರು ಮಾರಿ ಡೀಸೆಲ್ ಕಾರು ತಂದ. ನಂಜಪ್ಪನ ಹಾಗೆಯೇ ಎಲ್ಲವನ್ನೂ ಸ್ವಂತ ಕೈಯಲ್ಲಿ ಮಾಡುವ ಹಟ. ಹೊಸ ಎಣ್ಣೆ ಹಾಕಿದ. ಎರಡು ದಿನಕ್ಕೆ ಕಪ್ಪು. ಮತ್ತೆ ಹಾಕಿದ, ಮತ್ತೆ ಕಪ್ಪು. ಆ ಮನೆಗೆ ದಾಸಯ್ಯ ಎಂಬ ಡ್ರೈವರ್. ಇಪ್ಪತ್ತು ವರ್ಷ ಅದೇ ಪೆಟ್ರೋಲ್ ಕಾರು ಓಡಿಸಿದವನು, ಬೇರೆ ಗಾಡಿ ಕಂಡವನಲ್ಲ.

"ಹಳೇ ಗಾಡೀಲಿ ಇಂಗೆ ಆಗ್ತಿತ್ತೇನ್ಲಾ ದಾಸ?" ಎಂದು ಹೊನ್ನಪ್ಪ ಕೇಳಿದ.

"ಇಲ್ಲ ಬುದ್ಧಿ," ಎಂದ ದಾಸಯ್ಯ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಹೊನ್ನಪ್ಪ ಬಾನೆಟ್ಟಿಗೆ ಸರಪಳಿ ಸುತ್ತಿ ಬೀಗ ಜಡಿದ. ಬೀಗದ ಕೈ ಉಡುದಾರದಲ್ಲಿ. ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯಲ್ಲಿ ಮಿಂದು ಬಂದು ನೋಡಿದ. ಕಪ್ಪು.

"ನಾನು ಮುಳುಗು ಹಾಕ್ತಿದ್ದಾಗ ಕಳ್ಳ ಕೀ ಹಾಕವ್ನೆ," ಎಂದ.

"ಎಲಾ ಇವ್ನ!" ಎಂದಿತು ಕಾರಿನ ಅಡಿಯಿಂದ ನಂಜಪ್ಪನ ದನಿ.

ಊರ ಮಾರಿಗುಡಿಯಲ್ಲಿ ಪಂಚಾಯ್ತಿ ಸೇರಿತು. ದಾಸಯ್ಯ ಒದ್ದೆ ಬಟ್ಟೆಯಲ್ಲಿ ನಿಂತು, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, ಎಣ್ಣೆ ಮುಟ್ಟಿಲ್ಲವೆಂದು ಪ್ರಮಾಣ ಮಾಡಿದ. ಊರ ಮುಂದೆಯೇ ಹೊಸ ಎಣ್ಣೆ ಸುರಿದರು. ಪ್ರಮಾಣ ನಿಜವಾದರೆ ಎಣ್ಣೆ ಹಾಗೇ ಇರಬೇಕು ಎಂಬುದು ತೀರ್ಮಾನ. ದಾಸಯ್ಯ ಎಂದಿನಂತೆ ಗಾಡಿ ಓಡಿಸಿದ. ಮೂರನೆಯ ದಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರು.

"ಕಪ್ಪಾ?" ನಂಜಪ್ಪನ ತಲೆ ಈಚೆ ಬಂತು.

"ಕಪ್ಪು."

"ಒಪ್ಕಂಡ್ನಾ?"

"ಒಪ್ಕಂಡ. 'ನಿದ್ದೆಗಣ್ಣಲ್ಲಿ ನಾನೇ ಮಾಡಿರ್ಬೇಕು ಬುದ್ಧಿ, ದೇವ್ರು ಸುಳ್ಳೇಳ್ತದಾ?' ಅಂದ. ಹೆಂಡ್ತಿ ತವರಿಗೆ ಹೊರಟೋದ್ಲು. ಈಗ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಲ್ಲಿ ಮೂಟೆ ಹೊರ್ತಾವ್ನೆ. ರಾತ್ರಿ ಮಲಗೋವಾಗ ಎರಡು ಕೈನೂ ಹಗ್ಗದಲ್ಲಿ ಕಟ್ಟಿಸ್ಕಂಡು ಮಲಗ್ತಾನೆ."

ನಂಜಪ್ಪ ಡ್ರೈನ್ ನಟ್ ಬಿಗಿದು ಎದ್ದ. ಹೊಸ ಡಬ್ಬದ ಎಣ್ಣೆ ಸುರಿದ. ಕಡ್ಡಿ ಅದ್ದಿ ನೋಡಿದ, ಬಂಗಾರ. ಸ್ಪ್ಯಾನರ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೊನ್ನಪ್ಪನ ಆ ಕೊಳೆ ಎಣ್ಣೆ ಏನಾಯ್ತು?"

"ನಾನೇ ಎತ್ಕಂಡೋಗಿ ದೂರ ಮಾಡ್ತಿದ್ದೆ ಕಣಣ್ಣ. ಕಳ್ಳ ಮುಟ್ಟಿದ್ದು ಮನೇಲಿರಬಾರ್ದು ನೋಡಿ. ನಿಮ್ಮ ಬೋಗುಣೀನೂ ಅಲ್ಲೇ ಬುಡಿ."

"ನಿದ್ದೆಗಣ್ಣಲ್ಲಂತೆ!" ನಂಜಪ್ಪನ ಕತ್ತಿನ ನರ ಉಬ್ಬಿತ್ತು. "ನಮ್ಮವ್ನು ಎಚ್ಚರವಾಗೇ ಮಾಡವ್ನೆ. ಉಂಡ ಮನೆಗೆ! ಬೀಗರೂ ಅಲ್ಲೇ ಕುಂತವ್ರೆ. ಅವ್ರ ಮುಂದೇನೇ ಕೇಳ್ತೀನಿ."

"ತಾಳಿ ಅಣ್ಣ, ಕತೆ ಇನ್ನೂ ಐತೆ," ಎಂದ ಚಿಕ್ಕಸ್ವಾಮಿ. ಆರಿದ್ದ ಬೀಡಿಯನ್ನು ಮತ್ತೆ ಹಚ್ಚಿಕೊಂಡ. ಒಂದು ದಮ್ಮು ಎಳೆದ. ಹೊಗೆ ಪೂರ್ತಿ ಹೋಗುವತನಕ ಕಾದ. "ದಾಸಯ್ಯ ಬುಟ್ಟೋದ್ಮೇಲೆ ಹೊನ್ನಪ್ಪ ತಾನೇ ಗಾಡಿ ಓಡಿಸ್ತಿದ್ದ. ಬೇರೆ ಯಾರೂ ಮುಟ್ತಿರ್ಲಿಲ್ಲ. ಆದ್ರೂವೆ ಆ ಎಣ್ಣೆ—"

ಕಾರು ಆಗಲೇ ರಸ್ತೆಗೆ ಏರಿ ಪಾಂಡವಪುರದ ಕಡೆ ತಿರುಗಿತ್ತು. ಸ್ಟೇರಿಂಗ್ ಹಿಡಿದ ಕೈಯಲ್ಲೇ ಸ್ಪ್ಯಾನರ್ ಇತ್ತು.

ಚಿಕ್ಕಸ್ವಾಮಿ ಕೂಗಲಿಲ್ಲ. ಬೋಗುಣಿಯನ್ನು ತುಳುಕದಂತೆ ಎತ್ತಿ, ಮೂರೇ ದಿನದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ತನ್ನ ಗಾಣದ ಡೀಸೆಲ್ ಇಂಜಿನ್ನಿಗೆ ಸುರಿದ. ಎಂಥ ಹೊಸ ಎಣ್ಣೆ ಹಾಕಿದರೂ ಮೊದಲ ಕೊಪ್ಪರಿಗೆ ಬೆಲ್ಲ ಇಳಿಯುವಷ್ಟರಲ್ಲಿ ಆ ಇಂಜಿನ್ನು ಅದನ್ನು ಕಾಡಿಗೆ ಮಾಡುವುದನ್ನು ಅವನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದ.