ಅರ್ಧ ಫೋಟೋ

ಮದುವೆ ಫೋಟೋದಲ್ಲಿ ಮದುಮಗನೇ ಇರಲಿಲ್ಲ. ಚೌಕಟ್ಟಿನೊಳಗೆ ಹೆಂಡತಿಯೊಬ್ಬಳೇ ನಗುತ್ತಿದ್ದಳು. ಪಕ್ಕದಲ್ಲಿ ಬರೀ ರಟ್ಟು.

ಟೇಲರ್ ಫೋಟೋವನ್ನು ಬೆಳಕಿಗೆ ಹಿಡಿದ. ಕತ್ತರಿ ಮೇಲಿಂದ ನೇರವಾಗಿ ಇಳಿದು, ಅವಳ ಮಣಿಕಟ್ಟಿನ ಬಳಿ ಬಾಗಿ, ಮತ್ತೆ ನೇರವಾಗಿತ್ತು. ಗಂಡನ ಜೊತೆಗೆ ಅವಳ ಒಂದು ಕೈಯೂ ಹೋಗಿತ್ತು. ನನ್ನನ್ನು ಕಿತ್ತೊಗೆಯುವ ಅವಸರದಲ್ಲಿ ತನ್ನ ಕೈಯನ್ನೇ ಕತ್ತರಿಸಿಕೊಂಡಿದ್ದಾಳೆ ಮಹಾತಾಯಿ, ಎಂದುಕೊಂಡ.

ಹಾಗೆ ನೋಡಿದರೆ ಕತ್ತರಿಯ ವಿಷಯದಲ್ಲಿ ಅವನೂ ಬಾಯಿ ಬಿಡುವಂತಿರಲಿಲ್ಲ. ಮೊನ್ನೆ ಒಂದು ರಾಶಿ ಅಂಗಿಗಳ ತೋಳುಗಳನ್ನು ಗಿಡ್ಡವಾಗಿ ಕತ್ತರಿಸಿ ಮಾಲೀಕನಿಂದ ಬೈಸಿಕೊಂಡಿದ್ದ. ಹೆಂಡತಿ ಇಂಥವಳಾದರೆ ಯಾರ ಕೈ ತಾನೇ ನಡುಗುವುದಿಲ್ಲ?

ಅನುಮಾನದ ಹುಳ ತಲೆ ಹೊಕ್ಕು ಬಹಳ ದಿನವಾಗಿತ್ತು. ಅವಳು ಕೆಲಸದಿಂದ ತಡವಾಗಿ ಬರುತ್ತಿದ್ದಳು. ಬ್ಯಾಗನ್ನು ಬಚ್ಚಲಿಗೂ ಹೊತ್ತುಕೊಂಡು ಹೋಗುತ್ತಿದ್ದಳು.

"ಎಲ್ಲಿಗೆ ಹೋಗಿದ್ದೆ?"

"ನಿಮ್ಮ ಕೆಲಸಕ್ಕೇ ರೀ."

"ನನ್ನ ಕೆಲಸ ನಿನಗ್ಯಾಕೆ?"

"ಮತ್ತಿನ್ಯಾರು ಮಾಡ್ತಾರೆ?" ಎಂದು ಅವಳು ಒಳಗೆ ಹೋದಳು.

ಮರುದಿನ ಸಂಜೆ ಅವನು ಅವಳ ಹಿಂದೆ ಬಿದ್ದ. ಬಸ್ ಸ್ಟಾಪಿನ ಎದುರು ಹೊಸದಾಗಿ ತೆರೆದ ಮೆಡಿಕಲ್ ಶಾಪು. ಕೌಂಟರಿನ ಹಿಂದೆ ಗುಂಗುರು ಕೂದಲಿನ ಯುವಕ. ಅವನ ಅಂಗಿಯ ಹೊಲಿಗೆ ಚೆನ್ನಾಗಿದ್ದದ್ದು ಟೇಲರನನ್ನು ಇನ್ನಷ್ಟು ಉರಿಸಿತು.

ಅವಳು ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಏನೋ ಹೇಳಿದಳು. ಬ್ಯಾಗಿನಿಂದ ಏನೋ ತೆಗೆದು ಕೊಟ್ಟಳು. ಯುವಕ ಅದನ್ನು ಬಹಳ ಹೊತ್ತು ನೋಡಿ, ಜೋಪಾನವಾಗಿ ಕೌಂಟರಿನ ಗಾಜಿನ ಕೆಳಗೆ ಸೇರಿಸಿದ. ಅವಳು ಕಣ್ಣೊರೆಸಿಕೊಂಡು ಹೊರಟಳು. ಗಂಡನಿಗೆ ಜಿಪ್ಪೂ ತೆರೆಯದ ಬ್ಯಾಗು, ಕಂಡವನಿಗೆ ಉಡುಗೊರೆ ಕೊಡುತ್ತದೆ!

ಕೊರಳಪಟ್ಟಿ ಹಿಡಿದು ಎಳೆಯಬೇಕೆಂದೇ ಅವನು ರಸ್ತೆ ದಾಟಿದ. ಆದರೆ ಮೈ ಬೆವರುತ್ತಿತ್ತು, ಬೆರಳುಗಳು ನಿಲ್ಲುತ್ತಿರಲಿಲ್ಲ. ಜಗಳಕ್ಕೂ ಸ್ವಲ್ಪ ಬಲ ಬೇಕಲ್ಲ. ಈಚೆಗೆ ಯಾವ ಅಂಗಡಿಗೆ ಹೋದರೂ ಅವನ ಔಷಧಿ 'ಖಾಲಿ'ಯಾಗಿರುತ್ತಿತ್ತು.

"ಕೆಮ್ಮಿನ ಔಷಧಿ ಕೊಡಿ. ಆ ಕೆಂಪು ಲೇಬಲ್ಲಿಂದು."

ಯುವಕ ಅವನ ಮುಖ ನೋಡಿದ. ಗಾಜಿನ ಕೆಳಗೆ ನೋಡಿದ. ಮತ್ತೆ ಮುಖ ನೋಡಿದ.

"ಇಲ್ಲ."

"ಅಲ್ಲೇ ಸಾಲಾಗಿ ಇಟ್ಟಿದೀರಲ್ರೀ!"

"ನಿಮಗೆ ಇಲ್ಲ. ಬಂದಾಗಿನಿಂದ ಒಂದು ಸಲನಾದ್ರೂ ಕೆಮ್ಮಿದೀರಾ?"

ಟೇಲರ್ ಬಾಯಿ ತೆರೆದ. ಕೆಮ್ಮು ಬರಲಿಲ್ಲ.

"ಅಮಲಿಗೆ ಬಾಟ್ಲಿಗಟ್ಟಲೆ ಕುಡೀತಾರೆ, ಹೀಗೇ ಆದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟರು, ಕೊಡಬೇಡಿ ಅಣ್ಣಾ ಅಂತ ನಿಮ್ಮ ಮನೆಯವರು ಅತ್ತರು," ಎಂದ ಯುವಕ. "ಬೇರೆ ಅಂಗಡಿಯವರಿಗೆಲ್ಲ ನೀವು ಗೊತ್ತು, ಬಾಯಿಮಾತಲ್ಲೇ ಹೇಳಿದ್ರಂತೆ. ನಾನು ಹೊಸಬ. ನಿಮ್ಮ ಮುಖ ಗೊತ್ತಿರಲಿಲ್ಲ."

ಗಾಜಿನ ಕೆಳಗೆ ಮದುಮಗನಾಗಿ ಅವನೇ ನಗುತ್ತಿದ್ದ. ಅವನ ಹೆಗಲ ಮೇಲೆ, ಒಂದು ಬೆರಳೂ ತುಂಡಾಗದಂತೆ ಮಣಿಕಟ್ಟಿನ ಬಳಿ ಬಳಸಿ ಕತ್ತರಿಸಿದ್ದ ಹೆಂಡತಿಯ ಕೈ ಹಾಗೇ ಇತ್ತು.